ಉಬ್ಬಸದ ಮಗುವಿಗೆ ಸಬ್ರ್ ಕಲಿಸುವ ಮುನ್ನ

ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿರುವ ಅನುಗ್ರಹಗಳಲ್ಲಿ ಉಸಿರು ಬಹಳ ದೊಡ್ಡದು. ನಾವು ಅತ್ಯಂತ ಕಡಿಮೆ ಸ್ಮರಿಸುವುದೂ ಅದನ್ನೇ. ಅದರ ಬೆಲೆಯನ್ನು ಚೆನ್ನಾಗಿ ಬಲ್ಲವರು ಉಬ್ಬಸದ ಮಕ್ಕಳು. ನಡುರಾತ್ರಿ ಎದ್ದು ಕುಳಿತು, ಭುಜಗಳನ್ನು ಮೇಲೆತ್ತಿ, ಎದೆಯೊಳಗಿಂದ ಸಿಳ್ಳೆಯಂಥ ಸದ್ದು ಹೊರಡಿಸುತ್ತ ಒಂದೊಂದೇ ಉಸಿರನ್ನು ಎಳೆದುಕೊಳ್ಳುವ ಮಗುವನ್ನು ಕಂಡ ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾದಗಿರಿ, ಶಹಾಪುರ, ಸುರಪುರದ ನಮ್ಮ ಮನೆಗಳಲ್ಲಿ ಈ ಕಾಯಿಲೆಯನ್ನು ದಮ್ಮು ಎನ್ನುತ್ತಾರೆ, ದಮಾ ಎನ್ನುತ್ತಾರೆ. ವೈದ್ಯರು ಆಸ್ತಮಾ ಎನ್ನುತ್ತಾರೆ. ಹೆಸರು ಯಾವುದಾದರೂ ಆ ಮಗುವಿಗೆ ಹಿರಿಯರು ಹೇಳುವ ಮೊದಲ ಮಾತು ಬಹುತೇಕ ಒಂದೇ: "ಸಬರ್ ಕರೋ ಬೇಟಾ."

ಸಬ್ರ್ ಶ್ರೇಷ್ಠವಾದ ಗುಣವೆಂಬುದರಲ್ಲಿ ಯಾವ ಸತ್ಯವಿಶ್ವಾಸಿಗೂ ಸಂಶಯವಿಲ್ಲ. ಆದರೆ ಶ್ವಾಸನಾಳ ಬಿಗಿಯುತ್ತಿರುವ ಎಂಟು ವರ್ಷದ ಮಗುವಿಗೆ ಆ ಶಬ್ದವನ್ನು ಹೇಳುವಾಗ ನಾವು ಅದರಿಂದ ಏನನ್ನು ಅಪೇಕ್ಷಿಸುತ್ತಿದ್ದೇವೆ? ಸುಮ್ಮನಿರು ಎಂದೇ? ನೆಂಟರಿಗೆ ತಿಳಿಯದಂತೆ ಇರು ಎಂದೇ? ಈ ಲೇಖನದಲ್ಲಿ ನಾವು ಮಂಡಿಸಬಯಸುವ ಅಭಿಪ್ರಾಯ ಇಷ್ಟೇ: ಕಾಯಿಲೆಯ ಮಗುವಿನ ಮನೋಬಲವು ಆ ಮಗುವಿನಿಂದ ನಾವು ವಸೂಲು ಮಾಡತಕ್ಕ ಸಾಲವಲ್ಲ, ಹಿರಿಯರಾದ ನಾವು ಅದಕ್ಕೆ ಸಲ್ಲಿಸಬೇಕಾದ ಹಕ್ಕು. ಔಷಧ, ಶುದ್ಧ ಗಾಳಿ, ಕಿವಿಗೊಡುವ ಮನಸ್ಸು ಈ ಮೂರನ್ನೂ ಕೊಟ್ಟ ಬಳಿಕವೇ ಸಬ್ರ್ ಎಂಬ ಬೋಧನೆಗೆ ತೂಕ ಬರುತ್ತದೆ.

ಸಹನೆಯ ಮಾದರಿಯಾಗಿ ಪವಿತ್ರ ಕುರ್‌ಆನ್ ನಮ್ಮ ಮುಂದಿಡುವ ಪ್ರವಾದಿಗಳನ್ನು ನೋಡಿರಿ. ಪ್ರವಾದಿ ಅಯ್ಯೂಬ್(ಅ) ಕಾಯಿಲೆಯಿಂದ ಬಳಲಿದಾಗ ತಮಗೆ ಸಂಕಟ ತಟ್ಟಿದೆಯೆಂದು ತಮ್ಮ ಪ್ರಭುವನ್ನು ಕೂಗಿ ಕರೆದರು. ಹಾಗೆ ಕರೆದವರನ್ನೇ ಅಲ್ಲಾಹನು ಸಹನಶೀಲರೆಂದು ಪ್ರಶಂಸಿಸಿದನು. ಪ್ರವಾದಿ ಯಾಕೂಬ್(ಅ) ಮಗನ ಅಗಲಿಕೆಯಲ್ಲಿ ಕಣ್ಣು ಬೆಳ್ಳಗಾಗುವವರೆಗೆ ದುಃಖಿಸಿದರು; ಅವರ ಸಹನೆಯನ್ನು ಸುಂದರ ಸಹನೆಯೆಂದೇ ನಾವು ಕಲಿಸುತ್ತೇವೆ. ನೋವನ್ನು ಹೇಳಿಕೊಳ್ಳುವುದು ಸಬ್ರ್‌ಗೆ ವಿರುದ್ಧವಾಗಿದ್ದರೆ ಈ ಮಹನೀಯರು ಅದರ ಮಾದರಿಗಳಾಗುತ್ತಿರಲಿಲ್ಲ. ಹೀಗಿರುವಾಗ "ಅಮ್ಮಿ, ಎದೆ ಹಿಡಿತಾ ಇದೆ" ಎನ್ನುವ ಮಗುವನ್ನು ಬಾಯಿ ಮುಚ್ಚಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಮೊದಲು ಕಾಯಿಲೆಯನ್ನು ಅರಿಯೋಣ. ಆಸ್ತಮಾ ಇರುವವರ ಶ್ವಾಸನಾಳದ ಒಳಗೋಡೆ ಸದಾ ಸ್ವಲ್ಪ ಊದಿಕೊಂಡು ಕೆರಳಿರುತ್ತದೆ. ಧೂಳು, ಹೊಗೆ, ಪರಾಗ, ನೆಗಡಿ, ತಂಪು ಗಾಳಿ ಮುಂತಾದವು ತಗುಲಿದೊಡನೆ ನಾಳದ ಸ್ನಾಯುಗಳು ಬಿಗಿಯುತ್ತವೆ, ಕಫ ಹೆಚ್ಚುತ್ತದೆ, ಗಾಳಿ ಹೋಗುವ ದಾರಿ ಕಿರಿದಾಗುತ್ತದೆ. ಇದು ಸಾಂಕ್ರಾಮಿಕವಲ್ಲ, ಎಂಜಲಿನಿಂದ ಬರುವುದಿಲ್ಲ, ಪಕ್ಕದಲ್ಲಿ ಕುಳಿತರೆ ಹರಡುವುದಿಲ್ಲ. ಸರಿಯಾದ ಔಷಧ ದೊರೆತರೆ ಬಹುಪಾಲು ಮಕ್ಕಳು ಇತರರಂತೆಯೇ ಓದಿ, ಓಡಿ, ಆಡಿ ಬೆಳೆಯುತ್ತಾರೆ. ಆದರೂ ಜಗತ್ತಿನ ಆಸ್ತಮಾ ಸಾವುಗಳಲ್ಲಿ ಐದರಲ್ಲಿ ಎರಡರಷ್ಟಕ್ಕೂ ಹೆಚ್ಚು ಭಾರತದಲ್ಲಿ ಸಂಭವಿಸುತ್ತವೆಂದು 2019ರ ಜಾಗತಿಕ ಅಂದಾಜುಗಳು ಹೇಳುತ್ತವೆ. ರೋಗಿಗಳ ಸಂಖ್ಯೆಯಲ್ಲಿ ನಮ್ಮ ಪಾಲು ಇದಕ್ಕಿಂತ ಬಹಳ ಕಡಿಮೆ. ಅಂದರೆ ನಮ್ಮಲ್ಲಿ ರೋಗಕ್ಕಿಂತಲೂ ಅದರ ಕಡೆಗಣನೆಯೇ ಹೆಚ್ಚು ಮಾರಕವಾಗಿದೆ.

ನಗರವು ಮಕ್ಕಳ ಎದೆಯನ್ನು ಹೇಗೆ ಹಿಂಡುತ್ತದೆಂಬುದಕ್ಕೆ ನಮ್ಮ ರಾಜ್ಯದ ರಾಜಧಾನಿಯೇ ಸಾಕ್ಷಿ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಯಲ್ಲಿ 18 ವರ್ಷದೊಳಗಿನ 20,000 ಮಕ್ಕಳನ್ನು ಆಧರಿಸಿ ನಡೆಸಿದ ಅಧ್ಯಯನದಲ್ಲಿ ಆಸ್ತಮಾದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರ ವೇಳೆಗೆ ಶೇ. 29.5ಕ್ಕೆ ಏರಿತ್ತು. ಶಾಲೆಗಳಲ್ಲಿ ಅವರು ನಡೆಸಿದ ಸಮೀಕ್ಷೆ ಇನ್ನೂ ಕಣ್ಣು ತೆರೆಸುವಂಥದು. ವಾಹನ ಸಂಚಾರ ಕಡಿಮೆಯಿದ್ದ ಪ್ರದೇಶದ ಶಾಲೆಗಳಲ್ಲಿ ಶೇ. 11.15 ಮಕ್ಕಳಿಗೆ ಆಸ್ತಮಾ ಇದ್ದರೆ, ಸಂಚಾರ ದಟ್ಟವಾಗಿದ್ದ ಕಡೆ ಶೇ. 19.34, ದಟ್ಟ ಸಂಚಾರದ ಜೊತೆಗೆ ಬಡತನವೂ ಇದ್ದ ಕಡೆ ಶೇ. 31.14. ಒಂದೇ ಊರು, ಒಂದೇ ಆಕಾಶ. ಆದರೆ ಬಡವರ ಮಗುವಿನ ಪಾಲಿಗೆ ಬಂದ ಗಾಳಿ ಬೇರೆ.

ಈ ಅಂಕಿಗಳು ದೂರದ ಬೆಂಗಳೂರಿನವೆಂದು ನಾವು ನಿಶ್ಚಿಂತರಾಗುವಂತಿಲ್ಲ. ನಮ್ಮ ಜಿಲ್ಲೆಯಿಂದ ವರ್ಷವರ್ಷವೂ ಸಾವಿರಾರು ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುತ್ತವೆ. ಕಟ್ಟಡದ ಕೆಲಸಕ್ಕೆ ಹೋದ ತಂದೆತಾಯಿಯ ಜೊತೆ ಮಕ್ಕಳು ಸಿಮೆಂಟಿನ ಧೂಳಿನಲ್ಲಿ, ರಸ್ತೆ ಬದಿಯ ತಗಡಿನ ಶೆಡ್ಡುಗಳಲ್ಲಿ ಮಲಗುತ್ತಾರೆ. ಬಡತನ ಮತ್ತು ದಟ್ಟ ಸಂಚಾರ ಒಂದಾಗುವ ಆ ಶೇ. 31ರ ಸಾಲಿನಲ್ಲಿ ನಿಲ್ಲುವವರು ಇಂಥ ಮಕ್ಕಳೇ.

ಇಲ್ಲೇ ಉಳಿದ ಮಕ್ಕಳ ಗಾಳಿಯಾದರೂ ಶುದ್ಧವೇ? 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲಾ ಕೇಂದ್ರವಾದ ಮೇಲೆ ಊರು ಬೆಳೆದಿದೆ, ವಾಹನಗಳು ಬೆಳೆದಿವೆ. ಶಹಾಪುರದ ಮೂಲಕ ಹಾದುಹೋಗುವ ಬೀದರ್–ಶ್ರೀರಂಗಪಟ್ಟಣ ಹೆದ್ದಾರಿಯ ಲಾರಿಗಳ ಹೊಗೆ, ಸುಗ್ಗಿಯ ಕಾಲದಲ್ಲಿ ಹತ್ತಿಯ ಜಿನ್ನಿಂಗ್ ಮಿಲ್ಲುಗಳಿಂದ ಏಳುವ ನವಿರು ಧೂಳು, ಸುರಪುರ ಮತ್ತು ಶಹಾಪುರದ ಕಾಲುವೆ ನೀರಾವರಿಯ ಗದ್ದೆಗಳಲ್ಲಿ ಭತ್ತದ ಹುಲ್ಲಿಗೆ ಹಚ್ಚುವ ಬೆಂಕಿ, ಮಳೆಗಾಲದ ನಂತರ ಖಾಲಿ ನಿವೇಶನಗಳನ್ನೆಲ್ಲ ಆವರಿಸುವ ಪಾರ್ಥೇನಿಯಂ ಕಳೆ, ಓಣಿಯ ತುದಿಯಲ್ಲಿ ಸುಡುವ ಪ್ಲಾಸ್ಟಿಕ್ ಕಸ ಇವೆಲ್ಲವೂ ನಮ್ಮ ಮಕ್ಕಳ ಎದೆಯೊಳಗೇ ಹೋಗುತ್ತಿವೆ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ಸುತ್ತಲಿನ ಗ್ರಾಮಸ್ಥರು ರಾತ್ರಿಯ ದುರ್ವಾಸನೆಯ ಬಗ್ಗೆ ಮತ್ತೆ ಮತ್ತೆ ದೂರುತ್ತಿರುವುದನ್ನು ಪತ್ರಿಕೆಗಳಲ್ಲಿ ನಾವೆಲ್ಲರೂ ಓದಿದ್ದೇವೆ.

ಗಾಳಿಯೊಂದೇ ಉಸಿರನ್ನು ಕೆಡಿಸುವುದಿಲ್ಲ, ಮನಸ್ಸಿನ ಭಾರವೂ ಕೆಡಿಸುತ್ತದೆ. 2000ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಆಸ್ತಮಾ ಇರುವ ಮಕ್ಕಳನ್ನು ಒಂದೂವರೆ ವರ್ಷ ಹಿಂಬಾಲಿಸಿತು. ಮನೆಯಲ್ಲಿ ಸಾವು, ಬೇರ್ಪಡೆಗಳಂಥ ತೀವ್ರ ಆಘಾತವಾದ ಮುಂದಿನ ವಾರಗಳಲ್ಲಿ ಉಬ್ಬಸದ ದಾಳಿಯ ಸಾಧ್ಯತೆ ಹೆಚ್ಚಾಗುತ್ತಿತ್ತು. ಜಗಳ, ಕೊರತೆ, ಕಾಯಿಲೆಗಳು ಮೊದಲೇ ಮನೆ ಮಾಡಿದ್ದ ಕುಟುಂಬಗಳಲ್ಲಿ ಅದು ಇನ್ನಷ್ಟು ಬೇಗನೆ ಕಾಣಿಸುತ್ತಿತ್ತು. ದಾಳಿಯ ಸಮಯದಲ್ಲೂ ಇದೇ ನಡೆಯುತ್ತದೆ. ಉಸಿರು ಸಿಗದಾಗ ಮಗು ಹೆದರುತ್ತದೆ, ಹೆದರಿದಾಗ ಉಸಿರು ಮೇಲುಮೇಲಕ್ಕೆ ಓಡುತ್ತದೆ, ಅದರಿಂದ ಸಂಕಟ ಹೆಚ್ಚುತ್ತದೆ. ಪಕ್ಕದಲ್ಲಿ ಹಿರಿಯರು ಗದರಿದರೆ ಅಥವಾ ಗೋಳಾಡಿದರೆ ಮಗುವಿನ ಭಯ ಇಮ್ಮಡಿಯಾಗುತ್ತದೆ.

ದೇಹ ಮತ್ತು ಮನಸ್ಸಿನ ಈ ನಂಟು ನಮ್ಮ ಪರಂಪರೆಗೆ ಹೊಸದಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ 'ಮಸಾಲಿಹುಲ್ ಅಬ್ದಾನಿ ವಲ್ ಅನ್ಫುಸ್' ಎಂಬ ಗ್ರಂಥದಲ್ಲಿ ದೇಹದ ಆರೋಗ್ಯಕ್ಕೆ ಒಂದು ಭಾಗವನ್ನೂ ಮನಸ್ಸಿನ ಆರೋಗ್ಯಕ್ಕೆ ಇನ್ನೊಂದು ಭಾಗವನ್ನೂ ಮೀಸಲಿಟ್ಟರು. ಹಠಾತ್ತಾಗಿ ಬರುವ ಕಾಯಿಲೆಗಾಗಿ ಮನೆಯಲ್ಲಿ ಔಷಧವನ್ನು ಸಿದ್ಧವಾಗಿಟ್ಟುಕೊಳ್ಳುವಂತೆ, ಹಠಾತ್ತಾಗಿ ಬರುವ ಭಯ ಮತ್ತು ದುಃಖಕ್ಕಾಗಿ ಒಳ್ಳೆಯ ಆಲೋಚನೆಗಳನ್ನು ಮೊದಲೇ ಮನಸ್ಸಿನಲ್ಲಿ ಕೂಡಿಟ್ಟುಕೊಳ್ಳಬೇಕೆಂಬುದು ಅವರ ಉಪದೇಶದ ತಿರುಳು. ಕುತೂಹಲದ ಸಂಗತಿಯೆಂದರೆ, ಗುಲಾಬಿ ಅರಳುವ ಕಾಲದಲ್ಲಿ ಇದೇ ಬಲ್ಖಿಯವರಿಗೆ ಬರುತ್ತಿದ್ದ ನೆಗಡಿಯ ಬಗ್ಗೆ ಪ್ರಸಿದ್ಧ ವೈದ್ಯ ಅರ್‍ರಾಝಿ ಒಂದು ಕಿರುಗ್ರಂಥವನ್ನೇ ಬರೆದರು. ಹನ್ನೆರಡನೆಯ ಶತಮಾನದಲ್ಲಿ ಈಜಿಪ್ಟಿನ ಅಯ್ಯೂಬಿ ಆಸ್ಥಾನದ ಯಹೂದಿ ವೈದ್ಯ ಇಬ್ನು ಮೈಮೂನ್ ಉಬ್ಬಸದ ಕುರಿತು ಅರಬಿಯಲ್ಲಿ ಬರೆದ ಗ್ರಂಥದಲ್ಲಿ ಇಕ್ಕಟ್ಟಾದ ನಗರದ ಗಾಳಿ ಕೆಡುವುದನ್ನೂ, ದುಃಖ ಮತ್ತು ಕೋಪ ದೇಹವನ್ನು ಬಾಧಿಸುವುದನ್ನೂ ವಿವರಿಸಿದರು. ನಗರವನ್ನು ಬಿಡಲಾಗದವರು ಅದರ ಅಂಚಿನಲ್ಲಿ, ಗಾಳಿ ಬಿಸಿಲು ಬರುವ ಮನೆಯನ್ನಾದರೂ ಆರಿಸಿಕೊಳ್ಳಲಿ ಎಂದರು.

ಬಲ್ಖಿಯವರ ಮಾತಿನಲ್ಲಿ ಒಂದು ಕ್ರಮವಿದೆ. ಮನಸ್ಸಿನ ಔಷಧವನ್ನು ಅವರು ದೇಹದ ಔಷಧದ ಬದಲಿಗೆ ಹೇಳಲಿಲ್ಲ, ಅದರ ಜೊತೆಗೆ ಹೇಳಿದರು. ಈ ಕ್ರಮವನ್ನೇ ನಾವೂ ಅನುಸರಿಸಬೇಕು.

ದೇಹದ ಔಷಧವೆಂದರೆ ಇಲ್ಲಿ ಮುಖ್ಯವಾಗಿ ಇನ್‌ಹೇಲರ್. ನಮ್ಮ ಭಾಗದಲ್ಲಿ ಅದರ ಬಗೆಗಿನ ಭಯ ಕಾಯಿಲೆಯ ಭಯಕ್ಕಿಂತ ದೊಡ್ಡದು. ಅದು ಚಟವಾಗುತ್ತದೆ, ಅದು ಕೊನೆಯ ಹಂತದ ಮದ್ದು, ಅದಕ್ಕಿಂತ ಗುಳಿಗೆಯೇ ವಾಸಿ ಎಂಬ ಮಾತುಗಳು ಪ್ರತಿ ಓಣಿಯಲ್ಲಿವೆ. ಸತ್ಯವೇನೆಂದರೆ ಸಾಲ್ಬುಟಮಾಲ್ ಇನ್‌ಹೇಲರಿನ ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 100 ಮೈಕ್ರೋಗ್ರಾಂ ಔಷಧವಿದ್ದರೆ, ಅದೇ ಔಷಧದ ಸಣ್ಣ ಗುಳಿಗೆಯಲ್ಲಿ 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಟ್ಟು ಇರುತ್ತದೆ. ಇನ್‌ಹೇಲರಿನ ಔಷಧ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಅಲ್ಪ ಪ್ರಮಾಣವೇ ಸಾಕಾಗುತ್ತದೆ. ಇದು ಉಪಶಮನದ ಔಷಧ. ಪದೇ ಪದೇ ದಾಳಿಯಾಗುವ ಮಕ್ಕಳಿಗೆ ನಾಳದ ಊತವನ್ನೇ ತಗ್ಗಿಸುವ ಬುಡೆಸೊನೈಡ್‌ನಂಥ ನಿಯಂತ್ರಕ ಔಷಧವನ್ನು ವೈದ್ಯರು ಪ್ರತಿದಿನಕ್ಕೆ ಬರೆದುಕೊಡುತ್ತಾರೆ. ಎರಡು ವಾರ ಆರಾಮಾದೊಡನೆ ಅದನ್ನು ಮೂಲೆಗಿಡುವುದೇ ಮುಂದಿನ ದಾಳಿಗೆ ಆಹ್ವಾನ.

ಸಣ್ಣ ಮಕ್ಕಳಿಗೆ ಇನ್‌ಹೇಲರನ್ನು ಸ್ಪೇಸರ್ ಎಂಬ ಕೊಳವೆಯ ಮೂಲಕ ಕೊಡಬೇಕು. ಇಲ್ಲವಾದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಸ್ಪೇಸರ್ ಕೊಳ್ಳಲಾಗದ ಕುಟುಂಬಗಳಿಗಾಗಿ ದಕ್ಷಿಣ ಆಫ್ರಿಕಾದ ಮಕ್ಕಳ ವೈದ್ಯೆ ಹೀದರ್ ಝಾರ್ ಮತ್ತು ಸಂಗಡಿಗರು 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಯಿಂದಲೇ ಅದನ್ನು ತಯಾರಿಸಿ, ಅದು ಅಂಗಡಿಯ ಸ್ಪೇಸರಿನಷ್ಟೇ ಪರಿಣಾಮಕಾರಿಯೆಂದು 1999ರಲ್ಲಿ ತೋರಿಸಿದರು. ಆದ್ದರಿಂದ ಬಡತನವು ನೆಪವಾಗಬೇಕಾಗಿಲ್ಲ. ವೈದ್ಯರನ್ನು ಕೇಳಿ ಕಲಿಯುವ ಮನಸ್ಸು ಬೇಕು.

ಮೃಗಶಿರಾ ಮಳೆಯ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಔಷಧಕ್ಕಾಗಿ ನಮ್ಮ ಕಡೆಯಿಂದಲೂ ಹೋಗುವವರಿದ್ದಾರೆ. ಹಳದಿ ಮದ್ದಿನ ಉಂಡೆಯನ್ನಿಟ್ಟ ಜೀವಂತ ಮೀನಿನ ಮರಿಯನ್ನು ನುಂಗಿಸುವ ಈ ಪದ್ಧತಿಯಿಂದ ಆಸ್ತಮಾ ವಾಸಿಯಾಗುತ್ತದೆಂದು ವೈಜ್ಞಾನಿಕವಾಗಿ ಸಾಬೀತಾಗಿಲ್ಲ. ಹೋಗುವವರನ್ನು ನಾವು ಹಂಗಿಸುವುದಿಲ್ಲ. ಮಗುವಿನ ನೋವು ಕಂಡ ಹೆತ್ತವರು ಎಲ್ಲ ಬಾಗಿಲುಗಳನ್ನೂ ತಟ್ಟುತ್ತಾರೆ. ಆದರೆ ಆ ನಂಬಿಕೆಯಲ್ಲಿ ದಿನನಿತ್ಯದ ಇನ್‌ಹೇಲರನ್ನು ನಿಲ್ಲಿಸಿದರೆ ಅಪಾಯ ಮಗುವಿಗೆ. ಚಿಕಿತ್ಸೆ ಪಡೆಯಿರಿ, ಮುಪ್ಪಿನ ಹೊರತು ಮದ್ದಿಲ್ಲದ ಕಾಯಿಲೆಯನ್ನು ಅಲ್ಲಾಹನು ಇಳಿಸಿಲ್ಲ ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ತವಕ್ಕುಲ್ ಮಾಡಲು ಹೇಳಿದರು. ಉಬ್ಬಸದ ಮಗುವಿನ ಮನೆಯಲ್ಲಿ ಒಂಟೆ ಕಟ್ಟುವುದೆಂದರೆ ಇನ್‌ಹೇಲರ್ ಖಾಲಿಯಾಗದಂತೆ ನೋಡಿಕೊಳ್ಳುವುದು.

ರಮಝಾನ್ ತಿಂಗಳಲ್ಲಿ ಈ ವಿಷಯ ಇನ್ನಷ್ಟು ಗೊಂದಲಕ್ಕೆ ಎಡೆ ಮಾಡುತ್ತದೆ. ಇನ್‌ಹೇಲರಿನಿಂದ ಉಪವಾಸ ಮುರಿಯುವುದಿಲ್ಲವೆಂದು ಸೌದಿಯ ಇಬ್ನು ಬಾಝ್ ಮುಂತಾದ ವಿದ್ವಾಂಸರು ಹೇಳಿದ್ದಾರೆ. ಮುರಿಯುತ್ತದೆಂಬುದು ನಮ್ಮ ಉಪಖಂಡದ ಹಲವು ಹನಫಿ ಉಲಮಾಗಳ ಅಭಿಪ್ರಾಯ. ಯಾವ ಅಭಿಪ್ರಾಯವನ್ನು ಅನುಸರಿಸಿದರೂ ಒಂದು ವಿಷಯದಲ್ಲಿ ಭಿನ್ನಮತವಿಲ್ಲ: ಉಸಿರು ಕಟ್ಟಿದಾಗ ಔಷಧವನ್ನು ತೆಗೆದುಕೊಳ್ಳಲೇಬೇಕು, ರೋಗಿಗೆ ರಿಯಾಯಿತಿ ಇದೆ, ಬಿಟ್ಟುಹೋದ ಉಪವಾಸವನ್ನು ಬಳಿಕ ಪೂರೈಸಬಹುದು. ಪ್ರಾಯಕ್ಕೆ ಬಾರದ ಮಕ್ಕಳಿಗಂತೂ ಉಪವಾಸ ಕಡ್ಡಾಯವೇ ಅಲ್ಲ. ನಿಯಂತ್ರಕ ಔಷಧದ ಎರಡು ಹೊತ್ತಿನ ಪ್ರಮಾಣವನ್ನು ಸಹರಿ ಮತ್ತು ಇಫ್ತಾರಿಗೆ ಹೊಂದಿಸಬಹುದೇ ಎಂದು ವೈದ್ಯರಲ್ಲಿ ಶಾಬಾನ್ ತಿಂಗಳಲ್ಲೇ ಕೇಳಿಕೊಳ್ಳುವುದು ಜಾಣತನ.

ಇನ್ನು ಮನಸ್ಸಿನ ಔಷಧಕ್ಕೆ ಬರೋಣ. ಮನಶ್ಶಾಸ್ತ್ರಜ್ಞೆ ಎಡಿತ್ ಚೆನ್ ಮತ್ತು ಸಂಗಡಿಗರು ಆಸ್ತಮಾ ಇರುವ 9ರಿಂದ 18 ವರ್ಷದ ಮಕ್ಕಳ ಕುರಿತು 2011ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಬಡ ಕುಟುಂಬಗಳ ಮಕ್ಕಳಲ್ಲಿಯೂ ಕೆಲವರ ದೇಹದಲ್ಲಿ ಊತದ ಲಕ್ಷಣಗಳು ಕಡಿಮೆಯಿದ್ದವು, ಅವರ ಆರೋಗ್ಯ ಇತರ ಬಡ ಮಕ್ಕಳಿಗಿಂತ ಉತ್ತಮವಾಗಿತ್ತು. ಆ ಮಕ್ಕಳಲ್ಲಿ ಎರಡು ಗುಣಗಳು ಒಟ್ಟಿಗೆ ಇದ್ದವು. ತಮ್ಮಿಂದ ಬದಲಿಸಲಾಗದ ಕಷ್ಟವನ್ನು ಬೇರೊಂದು ದೃಷ್ಟಿಯಿಂದ ನೋಡಿ ಮನಸ್ಸನ್ನು ಶಾಂತಗೊಳಿಸಿಕೊಳ್ಳುವುದು ಒಂದು. ಬದುಕಿಗೆ ಅರ್ಥವಿದೆ, ನಾಳೆ ಒಳ್ಳೆಯದಿದೆ ಎಂಬ ಭರವಸೆಯನ್ನು ಬಿಡದೆ ಹಿಡಿಯುವುದು ಇನ್ನೊಂದು. ನಮ್ಮ ಭಾಷೆಯಲ್ಲಿ ಇವು ರಿಝಾ ಮತ್ತು ಉಮ್ಮೀದ್. ಸಬ್ರ್‌ನ ನಿಜವಾದ ಎರಡು ರೆಕ್ಕೆಗಳು ಇವೇ.

ಆದರೆ ಇದರ ಇನ್ನೊಂದು ಮುಖವನ್ನೂ ಬಲ್ಲವರಾಗಬೇಕು. ಅಮೆರಿಕದ ಜಾರ್ಜಿಯಾ ರಾಜ್ಯದ ಬಡ ಗ್ರಾಮೀಣ ಕಪ್ಪು ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದ ಜೀನ್ ಬ್ರೋಡಿ ಮತ್ತು ಸಂಗಡಿಗರು 2013ರಲ್ಲಿ ಒಂದು ಎಚ್ಚರಿಕೆಯನ್ನು ನೀಡಿದರು. ಕಷ್ಟಗಳ ನಡುವೆಯೂ ಚೆನ್ನಾಗಿ ಓದಿ, ಹೇಳಿದ ಮಾತು ಕೇಳಿ, ಎಲ್ಲರಿಂದ ಜಾಣರೆನಿಸಿಕೊಂಡ ಕೆಲವು ಮಕ್ಕಳ ದೇಹದಲ್ಲಿ ರಕ್ತದೊತ್ತಡ, ಒತ್ತಡದ ಹಾರ್ಮೋನುಗಳಂಥ ಗುರುತುಗಳು ಏರಿದ್ದವು. ಹೊರಗೆ ಗಟ್ಟಿಯಾಗಿ ಕಂಡ ಮಗು ಒಳಗೆ ಸವೆಯುತ್ತಿತ್ತು. ತರಗತಿಯಲ್ಲಿ ಸದ್ದಿಲ್ಲದೆ ಕುಳಿತ ಮಗುವನ್ನು ತೋರಿಸಿ "ಎಷ್ಟು ಸಬ್ರ್ ಇದೆ ನೋಡಿ" ಎಂದು ಹೊಗಳುವ ಮೊದಲು ನಾವು ಈ ಮಾತನ್ನು ನೆನಪಿಸಿಕೊಳ್ಳಬೇಕು.

ಈ ಮೌನದ ಭಾರ ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ. ದಮ್ಮು ಇದೆಯೆಂದು ತಿಳಿದರೆ ನಾಳೆ ರಿಶ್ತಾ ಕೂಡಿಬರುವುದಿಲ್ಲವೆಂಬ ಹೆದರಿಕೆಯಿಂದ ಮಗಳ ಇನ್‌ಹೇಲರ್ ಕಪಾಟಿನ ಬಟ್ಟೆಗಳ ಹಿಂದೆ ಸೇರುತ್ತದೆ. ಮದುವೆಯ ಮನೆಗೆ, ಶಾಲೆಗೆ, ಪರೀಕ್ಷಾ ಕೊಠಡಿಗೆ ಅವಳು ಅದಿಲ್ಲದೆ ಹೋಗುತ್ತಾಳೆ. ಉಸಿರು ಕಟ್ಟುವ ಹೊತ್ತಿನಲ್ಲಿ ಅವಳ ಕೈಯಲ್ಲಿ ಔಷಧವಿರುವುದಿಲ್ಲ, ಬಾಯಿಬಿಟ್ಟು ಹೇಳುವ ಧೈರ್ಯವನ್ನೂ ನಾವು ಕಿತ್ತುಕೊಂಡಿರುತ್ತೇವೆ. ಜೀವ ಉಳಿಸುವ ವಸ್ತುವನ್ನು ಅವಮಾನದ ವಸ್ತುವನ್ನಾಗಿ ಮಾಡುವ ಈ ರೂಢಿಗೆ ಧರ್ಮದಲ್ಲಿ ಯಾವ ಆಧಾರವೂ ಇಲ್ಲ. ಮುಚ್ಚಿಟ್ಟು ಮಾಡಿದ ಸಂಬಂಧದಲ್ಲಿ ಮುಂದೆ ಅವಳು ಗಂಡನ ಮನೆಯಲ್ಲೂ ಕದ್ದು ಉಸಿರಾಡಬೇಕಾಗುತ್ತದೆ.

ನಮ್ಮ ಮಕ್ತಬ್ ಮತ್ತು ಮದರಸಾಗಳು ಈ ವಿಷಯದಲ್ಲಿ ಬಹಳಷ್ಟನ್ನು ಮಾಡಬಲ್ಲವು. ತಜ್ವೀದಿನಲ್ಲಿ ವಕ್ಫೆ ಇಝ್ತಿರಾರಿ ಎಂಬುದೊಂದಿದೆ. ಓದುವವನಿಗೆ ಉಸಿರು ಸಾಲದೆ ಬಂದರೆ ಅಥವಾ ಕೆಮ್ಮು ಬಂದರೆ ಎಲ್ಲಿದ್ದಾನೋ ಅಲ್ಲಿಯೇ ನಿಲ್ಲಬಹುದು. ಮತ್ತೆ ಸ್ವಲ್ಪ ಹಿಂದಿನಿಂದ ಎತ್ತಿಕೊಂಡು ಅರ್ಥ ಕೆಡದಂತೆ ಮುಂದುವರಿಸಬೇಕು. ಅಲ್ಲಾಹನ ವಚನವನ್ನು ಓದುವಾಗಲೇ ದಾಸನ ಉಸಿರಿಗೆ ಇಷ್ಟು ರಿಯಾಯಿತಿ ಇರುವಾಗ, ಪಾಠದ ಮಧ್ಯೆ ಏದುಸಿರು ಬಿಡುವ ಬಾಲಕನನ್ನು ಉಸ್ತಾದರು ಗದರಿಸುವುದು ಹೇಗೆ ಸರಿ? ಆ ನಿಯಮವನ್ನು ಎಲ್ಲ ಮಕ್ಕಳಿಗೂ ಕಲಿಸುವಾಗ ಈ ಮಗುವಿನ ಗೌರವವನ್ನೂ ಕಾಪಾಡಿದಂತಾಗುತ್ತದೆ. ಉಸಿರು ನಿಂತಲ್ಲಿ ನಿಲ್ಲು, ಮತ್ತೆ ಎತ್ತಿಕೊಂಡು ಮುಂದೆ ಹೋಗು ಎಂಬುದಕ್ಕಿಂತ ಉತ್ತಮವಾದ ಮನೋಬಲದ ಪಾಠ ಯಾವುದಿದೆ?

ಜಮಖಾನೆಗಳನ್ನು ಮಕ್ಕಳಿರುವಾಗ ಜಾಡಿಸದೆ ಹೊರಗೆ ಬಿಸಿಲಿಗೆ ಹಾಕುವುದು, ಒಣ ಕಸಬರಿಗೆಯ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು, ಮುಚ್ಚಿದ ಕೋಣೆಯಲ್ಲಿ ಊದುಬತ್ತಿ ಹಚ್ಚದಿರುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಜುಮೇರಾತ್ ಸಂಜೆ ಮನೆಮನೆಗಳಲ್ಲಿ ಹಾಕುವ ಲೋಬಾನದ ಹೊಗೆ ಉಬ್ಬಸದ ಮಗುವಿಗೆ ಕೆಂಡದಂತೆ. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದು ಮಸೀದಿಗೆ ಬಂದು ಇತರರಿಗೆ ತೊಂದರೆ ಕೊಡಬೇಡಿರೆಂದು ಕಲಿಸಿದ ಧರ್ಮದಲ್ಲಿ ಸುವಾಸನೆಯ ಹೆಸರಿನಲ್ಲಿ ಮಗುವಿನ ಉಸಿರು ಕಟ್ಟಿಸುವುದು ಪುಣ್ಯವಾಗಲಾರದು. ಮನೆಯೊಳಗೆ ಬೀಡಿ, ಸಿಗರೇಟು ಸೇದುವ ಅಬ್ಬಾ ಮತ್ತು ಚಾಚಾಗಳಿಗಂತೂ ಬೇರೆ ಮಾತು ಬೇಕಾಗಿಲ್ಲ.

ಪ್ರತಿ ಶಿಕ್ಷಕರೂ ಹೆತ್ತವರೂ ತುರ್ತು ಕ್ರಮವನ್ನು ಕಲಿತಿರಬೇಕು. ದಾಳಿಯಾದಾಗ ಮಗುವನ್ನು ಮಲಗಿಸದೆ ನೇರವಾಗಿ ಕೂರಿಸಿ, ಶಾಂತವಾಗಿ ಮಾತನಾಡಿಸಿ, ಸ್ಪೇಸರಿನ ಮೂಲಕ ಉಪಶಮನದ ಇನ್‌ಹೇಲರಿನ ನಾಲ್ಕು ಪಫ್‌ಗಳನ್ನು ಒಂದೊಂದಾಗಿ ಕೊಡಬೇಕು. ಪ್ರತಿ ಪಫ್‌ಗೆ ನಾಲ್ಕು ಉಸಿರು. ನಾಲ್ಕು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ನಾಲ್ಕು. ಆಗಲೂ ಕಡಿಮೆಯಾಗದಿದ್ದರೆ, ಅಥವಾ ಮಗು ಒಂದು ವಾಕ್ಯವನ್ನು ಪೂರ್ತಿ ಹೇಳಲಾರದಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಒಂದು ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಬೇಕು. ವೈದ್ಯರು ಬೇರೆ ಕ್ರಮ ಬರೆದುಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು.

ಸರಕಾರದ ಸೌಲಭ್ಯಗಳನ್ನು ಕೇಳಿ ಪಡೆಯುವುದೂ ನಮ್ಮ ಹೊಣೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಮಾಡಬೇಕಾದ 30 ಸಮಸ್ಯೆಗಳ ಪಟ್ಟಿಯಲ್ಲಿ ಉಬ್ಬಸದ ಕಾಯಿಲೆಯೂ ಇದೆ. ಅಂಗನವಾಡಿ ಮತ್ತು ಸರಕಾರಿ, ಅನುದಾನಿತ ಶಾಲೆಗಳಿಗೆ ಈ ತಂಡ ಬಂದಾಗ ಮಗುವಿನ ರಾತ್ರಿ ಕೆಮ್ಮಿನ ಬಗ್ಗೆ ತಾಯಂದಿರು ಸಂಕೋಚವಿಲ್ಲದೆ ಹೇಳಬೇಕು. ಖಾಸಗಿ ಶಾಲೆಯ ಮಕ್ಕಳು ಇದರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಜಮಾಅತ್‌ಗಳೇ ವರ್ಷಕ್ಕೊಮ್ಮೆ ವೈದ್ಯರನ್ನು ಕರೆಸಿ ತಪಾಸಣೆ ನಡೆಸಬಹುದು. ಮಗುವಾಗಲಿ ತಾಯಿಯಾಗಲಿ ಭಯದಿಂದ ಕುಗ್ಗಿಹೋಗಿದ್ದರೆ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಮಾತನಾಡಬಹುದು.

ಗಾಳಿಯ ಪ್ರಶ್ನೆಯನ್ನು ಮಾತ್ರ ಒಂದು ಮನೆಯಿಂದ ಬಗೆಹರಿಸಲಾಗದು. ಲಂಡನ್ನಿನ ಜನನಿಬಿಡ ರಸ್ತೆಯ ಬಳಿ ವಾಸಿಸುತ್ತಿದ್ದ ಎಲ್ಲಾ ಕಿಸ್ಸಿ-ಡೆಬ್ರಾ ಎಂಬ 9 ವರ್ಷದ ಬಾಲಕಿ 2013ರ ಫೆಬ್ರವರಿಯಲ್ಲಿ ತೀವ್ರ ಆಸ್ತಮಾದಿಂದ ತೀರಿಕೊಂಡಳು. ಅವಳ ತಾಯಿ ರೋಸಮಂಡ್ ವರ್ಷಗಳ ಕಾಲ ಹೋರಾಡಿದರು. 2020ರ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿಯು ಆ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ದಾಖಲಿಸಿದರು. ಗಾಳಿಯ ಅಪಾಯದ ಮಾಹಿತಿಯನ್ನು ತಾಯಿಗೆ ಕೊಟ್ಟಿರಲಿಲ್ಲವೆಂಬುದನ್ನೂ ಎತ್ತಿ ಹೇಳಿದರು. ಆ ತಾಯಿಯ ಸಬ್ರ್ ಮೌನವಾಗಿರಲಿಲ್ಲ. ಅದು ಕಾಗದಪತ್ರ ಹಿಡಿದು ಬಾಗಿಲಿಂದ ಬಾಗಿಲಿಗೆ ನಡೆದ ಸಬ್ರ್. ಕಸ ಸುಡುವುದನ್ನು ನಿಲ್ಲಿಸಿರೆಂದು ನಗರಸಭೆಗೆ, ಧೂಳು ಮತ್ತು ದುರ್ವಾಸನೆಯನ್ನು ಪರೀಕ್ಷಿಸಿರೆಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಮನವಿ ಕೊಡುವಾಗ ನಮ್ಮ ಹಿಂದೂ ನೆರೆಹೊರೆಯವರೂ ನಮ್ಮ ಜೊತೆಗಿರುತ್ತಾರೆ. ಗಾಳಿ ಎಲ್ಲ ಮನೆಗಳಿಗೂ ಒಂದೇ.

ಪ್ರವಾದಿವರ್ಯರು(ಸ) ನಮಾಝ್‌ಗೆ ನಿಂತು ಅದನ್ನು ದೀರ್ಘವಾಗಿ ನಿರ್ವಹಿಸಲು ಬಯಸಿದ್ದಾಗ ಹಿಂದಿನಿಂದ ಮಗುವಿನ ಅಳು ಕೇಳಿಬಂದರೆ, ತಾಯಿಯ ಕಳವಳವನ್ನು ಅರಿತು ನಮಾಝನ್ನು ಮೊಟಕುಗೊಳಿಸುತ್ತಿದ್ದರು. ಮಗುವನ್ನು ಸುಮ್ಮನಿರಿಸಿರೆಂದು ಅವರು ಆಜ್ಞಾಪಿಸಲಿಲ್ಲ, ತಮ್ಮ ನಮಾಝಿನ ಉದ್ದವನ್ನೇ ಬದಲಿಸಿಕೊಂಡರು. ಯಾದಗಿರಿಯ, ಶಹಾಪುರದ, ಸುರಪುರದ ನಮ್ಮ ಮನೆಗಳಲ್ಲಿ ಉಬ್ಬಸದ ಮಗು ಎದ್ದು ಕುಳಿತಾಗ ಬದಲಾಗಬೇಕಾದವರು ಮೊದಲು ನಾವು. ಅದರ ಮಾತಿಗೆ ಕಿವಿಗೊಡೋಣ, ಕೈಗೆ ಔಷಧವನ್ನು ಕೊಡೋಣ, ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳೋಣ. ಅಲ್ಲಾಹನು ನಮ್ಮ ಮಕ್ಕಳ ಉಸಿರನ್ನು ಸುಗಮಗೊಳಿಸಲಿ, ಅವರ ಹಕ್ಕುಗಳನ್ನು ಸಲ್ಲಿಸುವ ಸೌಭಾಗ್ಯವನ್ನು ನಮಗೆ ಕರುಣಿಸಲಿ. ಆಮೀನ್.